ಪದಚರ್ಚೆ: ‘ವನ್ಯಜೀವಿಸ್ನೇಹಿ ಕೈತೋಟ’ ಎಂಬುದರ ಬದಲು ಫಲಕದಲ್ಲಿ ಏನು ಬರೆಯಬಹುದು?

ಪ್ರಶ್ನೆ, ಶಿರಸಿಯಿಂದ

ಬಳಗದ ಎಲ್ಲರಿಗೂ ನಮಸ್ಕಾರ.

ಒಂದೇ ಕೇರಿಯ ನಾವು ಏಳು ಮನೆಯವರು ಈ ವರ್ಷದಿಂದ ಮನೆಯ ಸುತ್ತಲಿನ ಗಿಡಗಳಿಗೆ ಕೀಟನಾಶಕ ಹೊಡೆಯುವುದನ್ನು ಬಿಟ್ಟಿದ್ದೇವೆ. ತಂತಿಬೇಲಿಯ ಗುಂಟ ಲಕ್ಕಿ, ದಾಸವಾಳಗಳನ್ನು ನೆಟ್ಟಿದ್ದೇವೆ. ಉದುರಿದ ದರಕನ್ನು, ಅಂದರೆ ಒಣ ಎಲೆಗಳನ್ನು, ಗುಡಿಸಿ ಸುಡದೆ ಗಿಡದ ಬುಡಕ್ಕೇ ಹಾಸುತ್ತಿದ್ದೇವೆ. ಇದನ್ನು ತಿಳಿಸುವ ಫಲಕವೊಂದನ್ನು ಪ್ರತಿ ಮನೆಯ ದಣಪೆಯ (ಬೇಲಿಯ ಬಾಗಿಲಿನ) ಪಕ್ಕದಲ್ಲಿ ನಿಲ್ಲಿಸಬೇಕಾಗಿದೆ. ಜೊತೆಗೆ ನೆರೆಹೊರೆಯವರಿಗೆ ಹಂಚಲು, ಇಂಗ್ಲೆಂಡಿನ ಮನೆತೋಟಗಳಿಗಾಗಿ ಬರೆದ ನಾಲ್ಕು ಪುಟದ ಪುಸ್ತಿಕೆಯೊಂದನ್ನು ನಾನು ಕನ್ನಡಕ್ಕೆ ತರುತ್ತಿದ್ದೇನೆ. ಫಲಕ ಬರೆಯುವವರು ಶುಕ್ರವಾರ ಬರುತ್ತಾರೆ, ಆದ್ದರಿಂದ ಮಾತು ಅಷ್ಟರೊಳಗೆ ಬೇಕು.

ನನ್ನ ತೊಡಕು ಎರಡು. ‘ವೈಲ್ಡ್‌ಲೈಫ್ ಫ್ರೆಂಡ್ಲಿ ಗಾರ್ಡನ್’ ಎಂಬುದನ್ನು ‘ವನ್ಯಜೀವಿಸ್ನೇಹಿ ಕೈತೋಟ’ ಎಂದು ಬರೆದುಕೊಂಡಿದ್ದೆ. ನೆರೆಮನೆಯ ದೊಡ್ಡಮ್ಮ ಅದನ್ನು ಓದಿ, “ಮಂಗನನ್ನೂ ಹಂದಿಯನ್ನೂ ಕರೆಯುವ ಬೋರ್ಡೇನೇ ತಂಗೀ ಇದು?” ಎಂದು ಗಾಬರಿಯಿಂದ ಕೇಳಿದರು. ‘ಹಕ್ಕಿಸ್ನೇಹಿ ಹಿತ್ತಿಲು’ ಎಂದರೆ ನಡೆಯುತ್ತದೆಯೇ? ಇನ್ನೊಂದು, ಪುಸ್ತಿಕೆಯಲ್ಲಿ ಹೆಡ್ಜ್‌ಹಾಗ್ ಓಡಾಡಲು ಬೇಲಿಯ ಬುಡದಲ್ಲಿ 13 ಸೆಂ.ಮೀ. ಚೌಕದ ಕಂಡಿ ಬಿಡಬೇಕೆಂದಿದೆ. ನನ್ನಲ್ಲಿರುವ ನಿಘಂಟು ಹೆಡ್ಜ್‌ಹಾಗ್ ಎಂದರೆ ಮುಳ್ಳುಹಂದಿ ಎನ್ನುತ್ತದೆ. ಮುಳ್ಳುಹಂದಿಗೆ ಬೇಲಿಯಲ್ಲಿ ದಾರಿ ಮಾಡಿಕೊಡಿ ಎಂದು ಶಿರಸಿಯಲ್ಲಿ ಬರೆದು ಹಂಚಲು ನನಗೆ ಕೈ ಬರುತ್ತಿಲ್ಲ.

ಉತ್ತರ, ಕುಮಟೆಯಿಂದ

ಮೊದಲನೆಯದಾಗಿ, ‘ಕೈತೋಟ’ ಅಲ್ಲ, ‘ಕೈದೋಟ’. ಹೂವಿನ ಮುಂದೆ ಬಂದ ತೋಟವು ‘ಹೂದೋಟ’ವಾಗುವಾಗ ಕೈಯ ಮುಂದೆ ಬಂದ ತೋಟ ಮಾತ್ರ ಆದೇಶಸಂಧಿಯಿಂದ ತಪ್ಪಿಸಿಕೊಳ್ಳಲು ಕಾರಣವಿಲ್ಲ.

ಎರಡನೆಯದಾಗಿ, ‘ಹಕ್ಕಿಸ್ನೇಹಿ’ ಸ್ಪಷ್ಟವಾದ ಅರಿಸಮಾಸ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಬೆಸೆದ ಸಮಾಸ. ‘ಶಬ್ದಮಣಿದರ್ಪಣ’ವೆಂಬ ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನು ಬಿರುದಾವಳಿಗೂ ಹಿಂದಿನ ಕವಿಗಳ ಪ್ರಯೋಗಕ್ಕೂ ಮಾತ್ರ ಅದನ್ನು ಒಪ್ಪಿದ್ದಾನೆ. ಅಷ್ಟಲ್ಲದೆ ‘ಸ್ನೇಹ’ದ ಮೂಲಾರ್ಥವೇ ಜಿಡ್ಡು, ಅಂಟು. ವೈದ್ಯರು ಇಂದಿಗೂ ಎಣ್ಣೆ ತುಪ್ಪಗಳನ್ನು ಸ್ನೇಹದ್ರವ್ಯ ಎನ್ನುತ್ತಾರೆ. ಪರಿಸರಸ್ನೇಹಿ, ಜನಸ್ನೇಹಿ, ಈಗ ವನ್ಯಜೀವಿಸ್ನೇಹಿ ಎಂದು ಇಂಗ್ಲಿಷಿನ ಅಚ್ಚಿಗೆ ಸಂಸ್ಕೃತವನ್ನು ಎರೆದು, ಹೊರಬಂದದ್ದನ್ನು ಕನ್ನಡವೆಂದು ಹೇಳುವ ರೂಢಿ ನಿಲ್ಲಬೇಕು. ‘ಕಾಡುಸಿರಿಗಳಿಗೆ ಒಲಿದ ಕೈದೋಟ’ ಎಂದು ಬರೆಯಿರಿ. ಕಾಡಿನ ಉಸಿರಿಗಳು, ಅಂದರೆ ಉಸಿರುಳ್ಳವು.

ಉತ್ತರ, ಕಾರವಾರದಿಂದ

‘ಕಾಡುಸಿರಿ’ಯನ್ನು ನೂರಕ್ಕೆ ನೂರು ಜನ ಕಾಡಿನ ಸಿರಿ ಎಂದು ಓದುತ್ತಾರೆ. ತಪ್ಪಾದ ಜಾಗದಲ್ಲಿ ಒಡೆಯುವ ಪದವನ್ನು ಫಲಕದ ಮೇಲೆ ಬರೆಯಲಾಗದು.

ಅರಣ್ಯ ಇಲಾಖೆಯ ಕಾಗದಪತ್ರಗಳ ನಡುವೆ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದವನಾಗಿ ಹೇಳುತ್ತೇನೆ, ‘ವನ್ಯಜೀವಿ’ ಎಂದರೆ ಮಂಗ ಮತ್ತು ಹಂದಿ ಎಂಬುದು ತಪ್ಪು ತಿಳಿವಳಿಕೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಖ್ಯೆಯಲ್ಲಿ ಪ್ರಾಣಿಗಳಷ್ಟೇ ಅಲ್ಲ, ಅವುಗಳ ನೆಲೆಯ ಭಾಗವಾದ ನೆಲದ ಮತ್ತು ನೀರಿನ ಸಸ್ಯಗಳೂ ಸೇರಿವೆ. ಪದವನ್ನು ಬಿಡುವ ಬದಲು ಅದರ ಪೂರ್ಣ ಅರ್ಥವನ್ನು ಜನರಿಗೆ ತಿಳಿಸಬೇಕು.

ಎರವಲಿನ ಬಗ್ಗೆ ಕುಮಟೆಯವರಿಗೆ ಇಷ್ಟು ಕೋಪವೇಕೆ ಎಂದು ನನಗೆ ಅರ್ಥವಾಗುವುದಿಲ್ಲ. ಅವರ ತಾಲೂಕಿನ ಸಾಣಿಕಟ್ಟೆಯಲ್ಲಿ ಉಪ್ಪು ಬೆಳೆಯುವ ‘ಆಗರ’ ಎಂಬ ಪದವೇ ಸಂಸ್ಕೃತದ ‘ಆಕರ’ದ ತದ್ಭವ. ನಮ್ಮ ಕಡೆಯ ಕೊಂಕಣಿಗರು ಅದೇ ಪದವನ್ನು ಇಟ್ಟುಕೊಂಡು ಅಡಿಕೆ, ತೆಂಗು, ಬಾಳೆ, ಮೆಣಸು ಒಟ್ಟಿಗೆ ಬೆಳೆಯುವ ಮನೆಯ ತೋಟವನ್ನು ‘ಕುಳಾಗರ’ ಎನ್ನುತ್ತಾರೆ. ಅರಿಸಮಾಸವೆಂದು ‘ದಿನಗೂಲಿ’ಯನ್ನು ಯಾರೂ ಬಿಟ್ಟಿಲ್ಲ.

ಉತ್ತರ, ಸಿದ್ದಾಪುರದಿಂದ

ಇಬ್ಬರೂ ಹಿರಿಯರು ಫಲಕವನ್ನು ಓದುವವರು ಯಾರು ಎಂಬುದನ್ನು ಮರೆತಿದ್ದಾರೆ ಎಂದು ತೋರುತ್ತದೆ. ನಾನು ಅಡಿಕೆ ಬೆಳೆಗಾರ. ನಮ್ಮಲ್ಲಿ “ಅಪ್ಪ ತೋಟಕ್ಕೆ ಹೋಗಿದ್ದಾರೆ” ಎಂದರೆ ಕಣಿವೆಯ ಅಡಿಕೆ ತೋಟಕ್ಕೆ ಹೋಗಿದ್ದಾರೆ ಎಂದೇ ಅರ್ಥ. ಬೇರೆ ತೋಟವಿಲ್ಲ. ಮನೆಯ ಪಕ್ಕದಲ್ಲಿ ಬಸಳೆ, ತೊಂಡೆ, ಕರಿಬೇವು, ಒಂದೆಲಗ, ದಾಸವಾಳ ಬೆಳೆಯುವ ಜಾಗ ಹಿತ್ತಿಲು. ಕೈತೋಟವೋ ಕೈದೋಟವೋ ಎಂಬ ಜಗಳ ಶಾಲೆಯ ಪುಸ್ತಕದ ಪದದ ಬಗ್ಗೆ ನಡೆಯುತ್ತಿರುವ ಜಗಳ, ನಮ್ಮ ಮನೆಗಳಲ್ಲಿ ಆ ಪದವನ್ನು ಆಡುವವರೇ ಇಲ್ಲ. ಅಡಿಕೆ ತೋಟವನ್ನು ‘ಅಡಿಕೆದೋಟ’ ಎಂದವರನ್ನೂ ನಾನು ಕಂಡಿಲ್ಲ.

‘ವನ್ಯಜೀವಿ’ಯ ವಿಷಯದಲ್ಲಿ ಕಾಯ್ದೆಯ ವ್ಯಾಖ್ಯೆ ಸರಿಯಿರಬಹುದು, ಆದರೆ ಇಲಾಖೆಯ ಫಲಕಗಳೇ ಜನರಿಗೆ ಬೇರೆ ಪಾಠ ಹೇಳಿವೆ. ದಾಂಡೇಲಿಯದು ವನ್ಯಜೀವಿಧಾಮ, ಮುಂಡಗೋಡ ತಾಲೂಕಿನ ಅತ್ತಿವೇರಿಯದು ಪಕ್ಷಿಧಾಮ. ಇವೆರಡನ್ನೂ ನೋಡುತ್ತ ಬೆಳೆದವನಿಗೆ ಹಕ್ಕಿ ಒಂದು ಕಡೆ, ವನ್ಯಜೀವಿ ಇನ್ನೊಂದು ಕಡೆ. ಎಳೆಯ ಅಡಿಕೆಯನ್ನು ಮಂಗಗಳು ಕಿತ್ತು ಬಿಸಾಡುವುದನ್ನು ನೋಡಿದವನು ‘ವನ್ಯಜೀವಿಸ್ನೇಹಿ’ ಎಂಬ ಫಲಕದ ಮುಂದೆ ನಿಂತು ಕಾಯ್ದೆಯನ್ನು ನೆನೆಯುವುದಿಲ್ಲ. ದೊಡ್ಡಮ್ಮನವರು ಕೇಳಿದ್ದು ಸರಿಯಾದ ಪ್ರಶ್ನೆ.

‘ಸ್ನೇಹಿ’ ಬೇಡ ಎಂಬಲ್ಲಿ ನಾನು ಕುಮಟೆಯವರ ಪಕ್ಷ, ಕಾರಣ ಮಾತ್ರ ಬೇರೆ. ಜಿಡ್ಡೂ ಅಲ್ಲ, ಅರಿಸಮಾಸವೂ ಅಲ್ಲ. ಈ ಕೆಲಸಕ್ಕೆ ಕನ್ನಡದಲ್ಲಿ ಚತುರ್ಥಿ ವಿಭಕ್ತಿ ಇದೆ. “ಈ ಜಾಗ ಏಲಕ್ಕಿಗೆ ಆಗುತ್ತದೆ”, “ಈ ಹವೆ ನನಗೆ ಒಗ್ಗುವುದಿಲ್ಲ”, “ಆ ಅಡುಗೆ ಬಾಣಂತಿಗೆ ಆಗದು” ಎನ್ನುತ್ತೇವೆ. ಯಾವುದು ಯಾರಿಗೆ ಹಿತ ಎಂಬುದನ್ನು ‘ಗೆ’, ‘ಕ್ಕೆ’ಗಳು ನಿಚ್ಚಳವಾಗಿ ಹೇಳುತ್ತವೆ. ‘ಸ್ನೇಹಿ’ಯಲ್ಲಿ ಯಾರು ಯಾರನ್ನು ಪ್ರೀತಿಸುತ್ತಾರೆ ಎಂಬುದನ್ನು ಓದುಗನೇ ಊಹಿಸಬೇಕು. ಆದ್ದರಿಂದ ‘ಹಕ್ಕಿ ಚಿಟ್ಟೆಗಳಿಗೂ ಆಗುವ ಹಿತ್ತಿಲು’ ಎಂದು ಬರೆಯಿರಿ, ಅಥವಾ ‘ಪಾಲಿರುವ’ ಎನ್ನಿರಿ. ಪಾಲು ಎಂದರೆ ಏನೆಂಬುದು ನಮ್ಮ ಜಿಲ್ಲೆಯ ಪ್ರತಿ ಮನೆಗೂ ಗೊತ್ತು.

ಇನ್ನು ಮುಳ್ಳುಹಂದಿ. ದಯವಿಟ್ಟು ಆ ಪದವನ್ನು ಪುಸ್ತಿಕೆಯಿಂದ ಕೂಡಲೇ ತೆಗೆಯಿರಿ. ನಮ್ಮ ಮುಳ್ಳುಹಂದಿ ಇಂಗ್ಲಿಷಿನ ಪೊರ್ಕ್ಯುಪೈನ್. ರಾತ್ರಿ ಬಂದು ಕೆಸುವಿನ ಗೆಡ್ಡೆಯನ್ನೂ ಗೆಣಸನ್ನೂ ಅಗೆದು ತಿನ್ನುತ್ತದೆ, ತೆಂಗಿನ ಸಸಿಯ ಬುಡವನ್ನು ಕಡಿದು ಹಾಕುತ್ತದೆ. ಹೆಡ್ಜ್‌ಹಾಗ್ ಅಂಗೈಗಿಂತ ಸ್ವಲ್ಪ ದೊಡ್ಡದು, ದುಂಬಿ, ಕಂಬಳಿಹುಳು, ಚಿಪ್ಪಿಲ್ಲದ ಬಸವನಹುಳುಗಳನ್ನು ತಿಂದು ತೋಟಕ್ಕೆ ಉಪಕಾರ ಮಾಡುವ ಪ್ರಾಣಿ. ಅದು ನಮ್ಮ ಜಿಲ್ಲೆಯಲ್ಲಿಲ್ಲ. ತಮಿಳುನಾಡು, ಆಂಧ್ರದ ಒಣನೆಲಗಳಲ್ಲಿ ಅದರ ಬಂಧುವೊಂದಿದೆ, ತಮಿಳರು ಅದನ್ನು ಮುಳ್ಳೆಲಿ ಎನ್ನುತ್ತಾರೆ, ನಾವು ‘ಮುಳ್ಳಿಲಿ’ ಎನ್ನಬಹುದು. ಅದು ಇಲಿಯ ಜಾತಿಯಲ್ಲವಲ್ಲ ಎಂದು ಇಲ್ಲಿ ಯಾರಾದರೂ ಆಕ್ಷೇಪಿಸುವುದು ಖಂಡಿತ. ಮುಳ್ಳುಹಂದಿಯೂ ಹಂದಿಯಲ್ಲ, ಅದು ಹಲ್ಲಿನಿಂದ ಕಡಿಯುವ ಇಲಿಯ ಬಳಗಕ್ಕೇ ಸೇರಿದ್ದು. ಪ್ರಾಣಿಯ ಹೆಸರನ್ನು ಜನ ಕಣ್ಣಿಗೆ ಕಂಡ ಹೋಲಿಕೆಯಿಂದ ಇಡುತ್ತಾರೆ.

ಪದದ ಹೊರಗಿನ ಒಂದು ಮಾತು, ಆದರೆ ಹೇಳದಿದ್ದರೆ ತಪ್ಪಾಗುತ್ತದೆ. ‘ದರಕು ಹಾಸಿರಿ’ ಎಂದು ಬರೆಯುವಾಗ ‘ಹಿತ್ತಿಲಿನದೇ ದರಕು’ ಎಂದು ಬಿಡಿಸಿ ಬರೆಯಿರಿ. ಮಂಗನ ಕಾಯಿಲೆಯನ್ನು ಹರಡುವ ಉಣುಗುಗಳಿರುವ ನಮ್ಮ ತಾಲೂಕಿನಲ್ಲಿ ಬೇಸಿಗೆಯ ಮೊದಲು ಕಾಡಿನ ದರಕನ್ನು ತಂದು ಮನೆಯ ಪಕ್ಕ ರಾಶಿ ಹಾಕುವುದು ಅಪಾಯ.

ಉತ್ತರ, ಕುಮಟೆಯಿಂದ

ಮುಳ್ಳಿಲಿ ಒಪ್ಪಿದೆ. ಹಿತ್ತಿಲು ಒಪ್ಪಲಿಲ್ಲ. ಹಳಗನ್ನಡದ ‘ಪಿತ್ತಿಲ್’ನಲ್ಲಿರುವುದು ‘ಹಿಂದೆ’ ಎಂಬುದರ ಮೂಲವಾದ ‘ಪಿನ್’. ದಣಪೆಯ ಪಕ್ಕದಲ್ಲಿ, ಅಂದರೆ ಮನೆಯ ಮುಂದೆ, ನಿಲ್ಲಿಸುವ ಫಲಕದಲ್ಲಿ ಮನೆಯ ಹಿಂದಿನ ಜಾಗದ ಹೆಸರು ಬರೆದರೆ ಅರ್ಥ ಕೆಡುತ್ತದೆ.

ಉತ್ತರ, ಕಾರವಾರದಿಂದ

ನಿಮ್ಮೂರಿನ ಹಿತ್ತಲಮಕ್ಕಿ ಯಾವ ಮನೆಯ ಹಿಂದೆ ಇದೆ? ಕರಾವಳಿಯಲ್ಲಿ ಮನೆಯ ಸುತ್ತಲಿನ ತೆಂಗಿನ ಜಾಗವಷ್ಟೂ ಹಿತ್ತಿಲೇ. ವ್ಯುತ್ಪತ್ತಿ ಪದದ ಹುಟ್ಟನ್ನು ಹೇಳುತ್ತದೆ, ಅದರ ಇಂದಿನ ವಿಳಾಸವನ್ನಲ್ಲ. ‘ವನ್ಯಜೀವಿ’ಯ ಕಾನೂನಿನ ಅರ್ಥ ನಾನು ಹೇಳಿದ್ದೇ ಸರಿ. ಆದರೆ ಫಲಕವನ್ನು ಕಂಡು ನೆರೆಯವರು ಹೆದರುವುದಾದರೆ ಅಲ್ಲಿ ಆ ಪದ ಬೇಕೆಂದು ಹಟ ಹಿಡಿಯುವುದಿಲ್ಲ.

ಉತ್ತರ, ಶಿರಸಿಯಿಂದ

ಎಲ್ಲರಿಗೂ ಕೃತಜ್ಞತೆಗಳು. ಫಲಕದ ಮಾತು ನಿಶ್ಚಯವಾಯಿತು. ಹೇಗೆಂದು ತಿಳಿಸುವುದು ನನ್ನ ಕರ್ತವ್ಯ.

ಸಿದ್ದಾಪುರದವರು ಹೇಳಿದ ‘ಪಾಲು’ ನನಗೆ ಬಹಳ ಹಿಡಿಸಿತು. ನಿನ್ನೆ ಬೆಳಿಗ್ಗೆ ದೊಡ್ಡಮ್ಮನವರ ಕರಿಬೇವಿನ ಗಿಡದಲ್ಲಿ, ಹಕ್ಕಿಯ ಹಿಕ್ಕೆಯಂತೆ ಕಾಣುವ ಕಂದುಬಿಳಿ ಬಣ್ಣದ ಎರಡು ಮರಿಹುಳುಗಳೂ, ಬೆಳೆದು ಎಲೆಯಷ್ಟೇ ಹಸಿರಾದ ಮತ್ತೊಂದೂ ಇದ್ದವು. ಅವರು “ಬೇವಿಗೆ ಹುಳ ಬಿದ್ದಿದೆ” ಎಂದರು. ಹಸಿರು ಹುಳುವನ್ನು ನಾನು ಕಡ್ಡಿಯಿಂದ ಮೆಲ್ಲನೆ ಮುಟ್ಟಿದಾಗ ಅದು ತಲೆಯ ಹಿಂದಿನಿಂದ ಕೆಂಪಾದ ಕವಲುಕೊಂಬೊಂದನ್ನು ಹೊರಚಾಚಿ ಘಾಟು ವಾಸನೆ ಬಿಟ್ಟಿತು. ಅಂಗಳದ ದಾಸವಾಳಕ್ಕೆ ಬರುವ ದೊಡ್ಡ ಕಪ್ಪು ಚಿಟ್ಟೆಯ ಮರಿ ಇದೇ ಎಂದು ಹೇಳಿದೆ. ಸಂಜೆ ಅವರು ತಮ್ಮ ಸೊಸೆಗೆ ಫೋನಿನಲ್ಲಿ, “ನಮ್ಮ ಬೇವಿಗೆ ಚಿಟ್ಟೆಯ ಹುಳ ಬಂದಿದೆ, ನಾಲ್ಕು ಎಲೆ ಅದರ ಪಾಲಿಗೆ ಇರಲಿ” ಎನ್ನುತ್ತಿದ್ದುದನ್ನು ಕೇಳಿದೆ. ‘ಬಿದ್ದಿದೆ’ ಎಂದಾಗ ಅದು ಪೀಡೆ, ‘ಬಂದಿದೆ’ ಎಂದಾಗ ಅದು ಅತಿಥಿ. ಇಂಗ್ಲಿಷ್ ಪುಸ್ತಿಕೆಯು ಎರಡು ಪುಟಗಳಲ್ಲಿ ವಿವರಿಸುವುದನ್ನು ಕನ್ನಡ ಒಂದು ಕ್ರಿಯಾಪದದಲ್ಲಿ ಹೇಳುತ್ತದೆ. ಹಾಗಾಗಿ ಕನ್ನಡ ಪುಸ್ತಿಕೆಯಲ್ಲಿ ‘ಪೆಸ್ಟ್’ ಬರುವ ಕಡೆ ‘ಹುಳ ಬೀಳುವುದು’ ಎಂದೂ, ಉಳಿದ ಕಡೆ ‘ಬರುವ ಹುಳು’ ಎಂದೂ ಬರೆಯುತ್ತೇನೆ.

ಫಲಕದ ಎರಡನೆಯ ಸಾಲಿಗೆ ಮೊದಲು ‘ಇಲ್ಲಿ ಮದ್ದು ಹೊಡೆಯುವುದಿಲ್ಲ’ ಎಂದು ಯೋಚಿಸಿದ್ದೆ, ಊರಿನ ಮಾತು ಅದೇ. ಆದರೆ ಕೊಳೆರೋಗಕ್ಕೆ ಅಡಿಕೆ ಗೊನೆಗೆ ಹೊಡೆಯುವ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣವೂ ನಮ್ಮಲ್ಲಿ ‘ಮದ್ದು’. ಏಳು ಮನೆಗಳಲ್ಲಿ ಐದು ಮನೆಯವರು ತಮ್ಮ ತೋಟಕ್ಕೆ ಅದನ್ನು ಹೊಡೆಯಲೇಬೇಕು. ಅದು ಶಿಲೀಂಧ್ರವನ್ನು ತಡೆಯುವಂಥದು, ಹುಳುಗಳನ್ನು ಕೊಲ್ಲಲು ಹೊಡೆಯುವಂಥದಲ್ಲ. ಆದ್ದರಿಂದ ಇಲ್ಲಿ ಸಂಸ್ಕೃತದ ‘ಕೀಟನಾಶಕ’ವೇ ಸರಿಯಾದ ಪದ, ಅಂಗಡಿಯ ಡಬ್ಬಿಯ ಮೇಲೂ ಅದೇ ಇದೆ. ಕುಮಟೆಯವರು ಇದೊಂದನ್ನು ಮನ್ನಿಸಬೇಕೆಂದು ಕೋರುತ್ತೇನೆ.

ಪುಸ್ತಿಕೆಯಲ್ಲಿ ಮುಳ್ಳಿಲಿಯ ಹೆಸರು ಒಂದೇ ಕಡೆ, ಅದು ಇಂಗ್ಲೆಂಡಿನ ಪ್ರಾಣಿ ಎಂಬ ವಿವರಣೆಯ ಜೊತೆ ಉಳಿಯುತ್ತದೆ. ನಮ್ಮಲ್ಲಿ ಆ ಕೆಲಸ ಮಾಡುವ ಕೆಂಬೂತ, ಹಾವುರಾಣಿ, ಕಪ್ಪೆಗಳ ವಿಷಯವನ್ನು ಅಲ್ಲಿ ಸೇರಿಸುತ್ತೇನೆ. ಅಳತೆ ಹಿಡಿದು ಕಂಡಿ ಕೊರೆಯುವ ಸೂಚನೆಯನ್ನು ಬಿಟ್ಟಿದ್ದೇನೆ, ಲಕ್ಕಿಯ ಬೇಲಿಯ ಬುಡದಲ್ಲಿ ಕಪ್ಪೆಗೂ ಹಾವುರಾಣಿಗೂ ದಾರಿ ತಾನಾಗಿಯೇ ಇರುತ್ತದೆ. ದರಕಿನ ಎಚ್ಚರಿಕೆಯನ್ನು ದಪ್ಪಕ್ಷರದಲ್ಲಿ ಹಾಕಿಸುತ್ತೇನೆ.

ಶುಕ್ರವಾರ ಬರೆಸುವ ಫಲಕ ಹೀಗಿದೆ:

ಹಕ್ಕಿ, ಚಿಟ್ಟೆ, ಜೇನುಗಳಿಗೂ ಪಾಲಿರುವ ಹಿತ್ತಿಲು
ಇಲ್ಲಿ ಕೀಟನಾಶಕ ಹೊಡೆಯುವುದಿಲ್ಲ