ರಾಗಿ ನಿಜವಾಗಿ ಆಫ್ರಿಕಾದಿಂದ ಬಂದಿದ್ದಾ?

ಮುದ್ದೆಪ್ರಿಯ:
ನಮ್ಮ ಆಫೀಸಿಗೆ ಉಗಾಂಡಾದವರೊಬ್ಬರು ಬಂದಿದ್ದಾರೆ. ನನ್ನ ಡಬ್ಬಿಯಲ್ಲಿದ್ದ ಮುದ್ದೆ ನೋಡಿ, ಇದು ನಮ್ಮ ಕಡೆಯ ಕಾಳು ಅಂದರು. ಅವರ ಊರಲ್ಲಿ ಇದರಿಂದ ಹೆಂಡ ಮಾಡಿ, ಎಲ್ಲರೂ ಒಂದೇ ಮಡಕೆಯ ಸುತ್ತ ಕೂತು, ಉದ್ದನೆಯ ಕೊಳವೆ ಇಟ್ಟು ಹೀರುತ್ತಾರಂತೆ. ರಾಗಿ ಹಳೇ ಮೈಸೂರಿನದು ಅಂತ ನಾನೂ ಬಿಡದೆ ವಾದ ಮಾಡಿದೆ. ಗೊತ್ತಿದ್ದವರು ಹೇಳಿ. ಅಲ್ಲಿಂದ ಬಂದಿದ್ದೇ ಆದರೆ ಇಲ್ಲಿ ಇಷ್ಟು ಬೇರೂರಿದ್ದು ಹೇಗೆ?

ಹೊಲದಮನೆ:
ವಾದದಲ್ಲಿ ಅವರೇ ಗೆದ್ದರು ಬಿಡಿ. ರಾಗಿಯ ಕಾಡು ಮೂಲ ಇರುವುದು ಪೂರ್ವ ಆಫ್ರಿಕಾದಲ್ಲಿ, ಇಥಿಯೋಪಿಯಾ, ಉಗಾಂಡಾ ಕಡೆಯ ಎತ್ತರದ ನೆಲದಲ್ಲಿ. ನಮ್ಮ ಹೊಲದಲ್ಲಿ ರಾಗಿ ಪೈರಿನ ಥರಾನೇ ಕಾಣುವ ಒಂದು ಕಳೆ ಇದೆಯಲ್ಲ, ಬುಡ ಚಪ್ಪಟೆ, ಬೆಳ್ಳಗೆ, ಎಷ್ಟು ಎಳೆದರೂ ಕಿತ್ತು ಬರಲ್ಲ. ರಾಗಿ ಅದರಿಂದಲೇ ಹುಟ್ಟಿದ್ದು ಅಂತ ಹಿಂದೆ ಕೆಲವರು ನಂಬಿದ್ದರು. ಆದರೆ ಆ ಕಳೆಯ ಕ್ರೋಮೋಸೋಮು 18, ರಾಗಿಯದು 36. ಆಫ್ರಿಕಾದ ಕಾಡು ರಾಗಿಯದೂ 36. ಕಳೆ ನೆಂಟ ಹೌದು, ನೇರ ಮೂಲ ಅಲ್ಲ.

ಇನ್ನೊಂದು ವಿಷಯ, ರಾಗಿ ಒಂದೇ ಬಂದಿದ್ದಲ್ಲ. ನಮ್ಮಪ್ಪ ಈಗಲೂ ರಾಗಿ ಹೊಲದಲ್ಲಿ ಅಕ್ಕಡಿ ಸಾಲು, ಅಂದರೆ ನಡುನಡುವೆ ಬೇರೆ ಬೆಳೆಯ ಸಾಲು ಬಿಡುತ್ತಾರೆ. ಅವರೆ, ಅಲಸಂದೆ, ಹುಚ್ಚೆಳ್ಳು, ಒಂದಿಷ್ಟು ಜೋಳ, ಬದುವಿಗೆ ಹರಳು. ಮೂಲ ಹುಡುಕಿದರೆ ಇದಿಷ್ಟೂ ಆಫ್ರಿಕಾದವೇ! ತೊಗರಿ, ಹುರುಳಿ ಮಾತ್ರ ಇಲ್ಲಿಯವು. ಮುದ್ದೆ, ಅವರೆಕಾಳು ಸಾರು ಎರಡೂ ವಲಸೆ ಬಂದವು ಅಂದರೆ ನಮ್ಮಮ್ಮ ಒಪ್ಪಲ್ಲ, ಅದು ಬೇರೆ ಮಾತು.

ಬೇರೂರಿದ್ದಕ್ಕೆ ಕಾರಣ ಸುಲಭ. ನಮ್ಮ ಬಯಲುಸೀಮೆಯವರು ಆಗಲೇ ಮುಂಗಾರು ನಂಬಿ ಕೊರಲೆಯಂಥ ಕಿರುಧಾನ್ಯ ಬೆಳೆಯುತ್ತಿದ್ದರು. ಗೋಧಿ, ಬಾರ್ಲಿಯ ಹಾಗೆ ರಾಗಿ ಚಳಿಗಾಲ ಕೇಳಲಿಲ್ಲ. ಅದೇ ಮಳೆ, ಅದೇ ಹೊಲ, ಬೀಜ ಮಾತ್ರ ಹೊಸದು. ಮೇಲಾಗಿ ಹುಳ ಹಿಡಿಯಲ್ಲ. ಹಗೇವಿಗೆ, ಅಂದರೆ ನೆಲದೊಳಗಿನ ಕಾಳಿನ ಗುಂಡಿಗೆ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಇರುತ್ತದೆ. ಮಳೆ ಕೈಕೊಡುವ ಸೀಮೆಯಲ್ಲಿ ಇದಕ್ಕಿಂತ ಇನ್ನೇನು ಬೇಕು?

ತುಂಗೆದಡ:
ಹಾವೇರಿ ಜಿಲ್ಲೆಯ ಹಳ್ಳೂರಿನ ಅಗೆತದಲ್ಲಿ ಸುಮಾರು 3000 ವರ್ಷದ ಹಿಂದಿನ ರಾಗಿ ಸಿಕ್ಕಿದೆ ಅಂತ ಓದಿದ್ದೆ. ಅಷ್ಟು ಹಳೆಯದಾದರೆ ನಮ್ಮದೇ ಅಲ್ವಾ ಸರ್?

ಹೊಲದಮನೆ:
ಹಳೆಯದು ಅಂದ ಮಾತ್ರಕ್ಕೆ ಇಲ್ಲೇ ಹುಟ್ಟಿದ್ದು ಅಂತಲ್ಲ. ಅದೂ ಅಲ್ಲದೆ ಅಗೆತದಲ್ಲಿ ಸಿಗುವುದು ಸುಟ್ಟು ಕರಿಯಾದ ಕಾಳು. ಹೊಟ್ಟು ಹೋದ ಮೇಲೆ ರಾಗಿ ಯಾವುದು, ಬೇರೆ ಕಿರುಧಾನ್ಯ ಯಾವುದು ಅಂತ ಹೇಳುವುದು ಕಷ್ಟ. ಬೇರೆ ಬೇರೆ ಕಡೆ ರಾಗಿ ಅಂತ ಗುರುತಿಸಿದ್ದ ಎಷ್ಟೋ ಕಾಳುಗಳನ್ನು ಆಮೇಲೆ ಬಂದ ತಜ್ಞರು ಒಪ್ಪಲಿಲ್ಲ. ಸಜ್ಜೆ ಸುಮಾರು 4000 ವರ್ಷದ ಹಿಂದೆಯೇ ಆಫ್ರಿಕಾದಿಂದ ಇಂಡಿಯಾಗೆ ಬಂದಿತ್ತು. ಅರಬ್ಬೀ ಸಮುದ್ರದ ಅದೇ ಹಾದಿಯಲ್ಲಿ ರಾಗಿಯೂ ಬಂದಿರಬೇಕು ಅನ್ನೋದು ನನ್ನ ಲೆಕ್ಕ.

ನಾಲೆಬಯಲು:
ಆಫ್ರಿಕಾದಿಂದ ಇನ್ನೊಂದು ಸಲವೂ ಬಂತು, ಅದನ್ನು ಮರೆತಿರಲ್ಲ! ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ತಳಿ ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಸೇರಿಸಿಯೇ ಇಂಡಾಫ್ ತಳಿಗಳನ್ನು ಮಾಡಿದ್ದು. ನೀವು ಹಾಕುವ ಜಿಪಿಯು-28 ರಾಗಿ ತಳಿಯ ವಂಶದಲ್ಲೂ ಇಂಡಾಫ್ ಇದೆ. ಬೆಂಕಿ ರೋಗ ತಡೆಯುತ್ತದೆ ಅಂತ ನಮ್ಮ ಕಡೆ ಜನ ಈಗಲೂ ಜಿಪಿಯು-28 ಅನ್ನೇ ಕೇಳಿ ತರುತ್ತಾರೆ.