ಪದಚರ್ಚೆ: ಕೂಲಿಯಲ್ಲದ ಹಣವನ್ನು ‘ವೇತನ’ ಎನ್ನಬಹುದೇ?

ಮಾನ್ಯರೇ,

ಅರಸೀಕೆರೆಯ ಕಡೆಯ ಗೆಳೆಯರೊಬ್ಬರ ಮಗಳಿಗೆ ಅಮೆರಿಕದ ಒಂದು ವಿಶ್ವವಿದ್ಯಾಲಯದಿಂದ ಪತ್ರ ಬಂದಿದೆ. ಹುಡುಗಿ ಟೆನಿಸ್ ಆಡುತ್ತಾಳೆ. ಅಲ್ಲಿನ ತಂಡಕ್ಕೆ ಆಡಿದರೆ ಓದಿನ ಶುಲ್ಕ, ವಸತಿ, ಊಟ, ಪುಸ್ತಕ ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಾರೆ. ಗೆಳೆಯರು ಕೊಬ್ಬರಿ ವ್ಯಾಪಾರಿ, ಕನ್ನಡದಲ್ಲಿ ಓದಿದವರು. ಓದಿ ತಿಳಿಯದ ಕಾಗದಕ್ಕೆ ಅವರು ರುಜು ಹಾಕುವುದಿಲ್ಲ. ಪತ್ರವನ್ನೂ ಅದರ ಜೊತೆಗಿದ್ದ ನಿಯಮಗಳನ್ನೂ ಕನ್ನಡಕ್ಕೆ ತಂದುಕೊಡಿ ಎಂದು ನನ್ನ ಕೈಗೆ ಕೊಟ್ಟರು.

ಮೊದಲ ಪುಟದಲ್ಲಿ ಯೋಚನೆಯೇ ಮಾಡದೆ ‘ಕ್ರೀಡಾ ವಿದ್ಯಾರ್ಥಿವೇತನ’ ಎಂದು ಬರೆದೆ. ಎರಡನೆಯ ಪುಟಕ್ಕೆ ಬಂದಾಗ ನನ್ನ ಕೈಯಿಂದಲೇ ಈ ಸಾಲು ಮೂಡಿತು: ‘ಈ ವಿದ್ಯಾರ್ಥಿವೇತನವು ವೇತನವಲ್ಲ, ಇದನ್ನು ಪಡೆಯುವವರು ವಿಶ್ವವಿದ್ಯಾಲಯದ ನೌಕರರಲ್ಲ.’ ಗೆಳೆಯರು ಅದನ್ನು ಎರಡು ಸಲ ಓದಿ, “ಮೇಷ್ಟ್ರೇ, ವೇತನವು ವೇತನವಲ್ಲ ಎಂದರೆ ಏನು? ನಾಳೆ ಆಡುವಾಗ ಅವಳ ಮೊಣಕಾಲು ಮುರಿದರೆ ಇವರು ಯಾರಾಗಿ ನಿಲ್ಲುತ್ತಾರೆ, ಯಜಮಾನರಾಗಿಯೋ ದಾನಿಗಳಾಗಿಯೋ?” ಎಂದು ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. ಮೂವತ್ತು ವರ್ಷ ತರಗತಿಯಲ್ಲಿ ಬಳಸಿದ ಪದವೊಂದು ಅಂದು ನನಗೆ ಮೊದಲ ಬಾರಿಗೆ ಬಿಡಿಸಿ ಕಾಣಿಸಿತು.

ವೇತನ ಎಂದರೆ ಕೆಲಸಕ್ಕೆ ಕೊಡುವ ಕೂಲಿ. ಈ ಅರ್ಥ ಇಂದು ನಿನ್ನೆಯದಲ್ಲ. ಮನುಸ್ಮೃತಿ ಎಣಿಸುವ ಹದಿನೆಂಟು ವ್ಯವಹಾರಪದಗಳಲ್ಲಿ, ಅಂದರೆ ನ್ಯಾಯಕ್ಕೆ ಬರುವ ತಕರಾರಿನ ಬಗೆಗಳಲ್ಲಿ, ‘ವೇತನವನ್ನು ಕೊಡದಿರುವುದು’ ಕೂಡ ಒಂದು. ವೇತನ ಎಂಬ ಪದ ಬಂದ ಕಡೆ ದುಡಿಸಿಕೊಂಡವನು, ದುಡಿದವನು, ಕೊಡಬೇಕಾದ ಋಣ ಎಂಬ ಮೂರೂ ಬಂದೇ ಬರುತ್ತವೆ. ಅಮೆರಿಕದ ಕಾಲೇಜು ಕ್ರೀಡೆಯ ನಿಯಮಗಳು ಸುಮಾರು ಎಪ್ಪತ್ತು ವರ್ಷಗಳಿಂದ ಅಲ್ಲಗಳೆಯುತ್ತ ಬಂದಿರುವುದು ಇದೇ ಮೂರನ್ನು. ಅವರು ಹೊರಗಿಟ್ಟ ಮಾತನ್ನು ನಮ್ಮ ಪದ ಹೊಸ್ತಿಲಲ್ಲೇ ಒಳಗೆ ಕರೆದುಬಿಡುತ್ತದೆ.

ನೆರೆಯ ಭಾಷೆಗಳನ್ನು ನೋಡಿದೆ. ಹಿಂದಿಯಲ್ಲಿ ಛಾತ್ರವೃತ್ತಿ, ಮರಾಠಿಯಲ್ಲಿ ಶಿಷ್ಯವೃತ್ತಿ. ಎರಡರಲ್ಲೂ ಇರುವುದು ಜೀವನೋಪಾಯ ಎಂಬ ಅರ್ಥದ ವೃತ್ತಿ. ತೆಲುಗರು ಉಪಕಾರವೇತನ ಎನ್ನುತ್ತಾರೆ, ಉಪಕಾರವನ್ನೂ ಕೂಲಿಯನ್ನೂ ಒಂದೇ ಗಂಟಿಗೆ ಹಾಕಿದ್ದಾರೆ. ತಮಿಳಿನ ಉದವಿತ್ತೊಗೈ ಅತ್ಯಂತ ನೇರ: ನೆರವಿನ ಮೊತ್ತ. ನನ್ನ ಮುಂದಿರುವ ಪತ್ರಕ್ಕೆ ಎಲ್ಲಕ್ಕಿಂತ ಹತ್ತಿರದ್ದು ಅದೇ. ನಮ್ಮಲ್ಲಿ ವೃತ್ತಿ ಎಂಬುದು ಶಾಸನಗಳ ಕಾಲದಲ್ಲಿ ಅಗ್ರಹಾರದ ಭೂಮಿಯ ಪಾಲಾಗಿತ್ತು, ಈಗ ಕಸುಬು ಎಂಬ ಅರ್ಥಕ್ಕೆ ನಿಂತಿದೆ. ಹಾಗಾಗಿ ‘ವಿದ್ಯಾರ್ಥಿವೃತ್ತಿ’ ಎಂದರೆ ಇನ್ನೂ ಕೆಡುತ್ತದೆ.

ಅಲ್ಲಿ ಈ ಮಾತು ಹೇಗೆ ಹುಟ್ಟಿತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಪದದ ಆಯ್ಕೆ ಅದರ ಮೇಲೆ ನಿಂತಿದೆ. ಕಾಲೇಜು ಕ್ರೀಡೆಯನ್ನು ಆಳುವ ಸಂಸ್ಥೆಯಾದ ಎನ್‌ಸಿಎಎ 1906ರಲ್ಲಿ ಬೇರೆ ಹೆಸರಿನಲ್ಲಿ ಶುರುವಾಯಿತು. 1953ರಲ್ಲಿ ಕೊಲರಾಡೊ ರಾಜ್ಯದ ಸುಪ್ರೀಂ ಕೋರ್ಟ್, ಡೆನ್ವರ್ ವಿಶ್ವವಿದ್ಯಾಲಯದ ಅರ್ನೆಸ್ಟ್ ನೆಮೆತ್ ಎಂಬ ಫುಟ್‌ಬಾಲ್ ಆಟಗಾರ ಆ ವಿಶ್ವವಿದ್ಯಾಲಯದ ನೌಕರನೇ ಆಗಿದ್ದ, ಆದ್ದರಿಂದ ಗಾಯಕ್ಕೆ ಪರಿಹಾರ ಸಲ್ಲಬೇಕು ಎಂದಿತು. 1955ರಲ್ಲಿ ಅದೇ ರಾಜ್ಯದ ಫೋರ್ಟ್ ಲೂಯಿಸ್ ಕಾಲೇಜಿಗೆ ಆಡುತ್ತಿದ್ದ ರೇ ಡೆನಿಸನ್ ತಲೆಗೆ ಪೆಟ್ಟು ಬಿದ್ದು ತೀರಿಕೊಂಡರು. ಅವರ ಪತ್ನಿ ಕಾರ್ಮಿಕರ ಕುಟುಂಬಕ್ಕೆ ಸಿಗುವ ಪರಿಹಾರವನ್ನು ಕೇಳಿದರು. 1957ರಲ್ಲಿ ಅದೇ ನ್ಯಾಯಾಲಯ ಇಲ್ಲವೆಂದಿತು: ಆಡಲೇಬೇಕೆಂಬ ಕರಾರು ಇರಲಿಲ್ಲ, ಕಾಲೇಜು ಫುಟ್‌ಬಾಲ್ ವ್ಯಾಪಾರ ನಡೆಸುತ್ತಿರಲಿಲ್ಲ, ಆದ್ದರಿಂದ ಅವರು ನೌಕರರಲ್ಲ. ‘ಸ್ಟೂಡೆಂಟ್ ಅಥ್ಲೀಟ್’ ಎಂಬ ಜೋಡುಪದ ಬಳಕೆಗೆ ಬಂದದ್ದು ಇಂಥ ಮೊಕದ್ದಮೆಗಳ ದಿನಗಳಲ್ಲಿಯೇ. ಎನ್‌ಸಿಎಎಯನ್ನು 1951ರಿಂದ 1987ರವರೆಗೆ ನಡೆಸಿದ ವಾಲ್ಟರ್ ಬೈಯರ್ಸ್, ಆಟಗಾರರನ್ನು ನೌಕರರೆಂದು ಗುರುತಿಸಿಬಿಡುತ್ತಾರೆ ಎಂಬ ಭಯದಿಂದ ತಾವು ಆ ಪದವನ್ನು ರೂಢಿಗೆ ತಂದೆವೆಂದು ನಿವೃತ್ತಿಯ ನಂತರ ತಾವೇ ಬರೆದರು.

ಒಬ್ಬ ವಿಧವೆಗೆ ಹಣ ಸಿಗುತ್ತದೋ ಇಲ್ಲವೋ ಎಂಬುದು ಒಂದು ಹೆಸರಿನ ಮೇಲೆ ನಿಂತಿತ್ತು. ಇದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಅದೇ ಕಾಲದಲ್ಲಿ ಕೊಡಬಹುದಾದ ನೆರವಿನ ಪಟ್ಟಿಯೂ ಗಟ್ಟಿಯಾಯಿತು: ಬೋಧನಾ ಶುಲ್ಕ, ಇತರ ಶುಲ್ಕಗಳು, ಊಟ, ವಸತಿ, ಪುಸ್ತಕ, ಜೊತೆಗೆ ಬಟ್ಟೆ ಒಗೆಸುವ ಖರ್ಚಿಗೆ ತಿಂಗಳಿಗೆ 15 ಡಾಲರ್. ಈ ಪಟ್ಟಿಯನ್ನು ಓದಿದಾಗ ನನಗೆ ನೆನಪಾದದ್ದು ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆಯೆಂದು ಉಂಡು ಓದಿದವರು ನಮ್ಮ ಹಿಂದಿನ ತಲೆಮಾರಿನಲ್ಲಿ ಎಷ್ಟೋ ಮಂದಿ. ಆ ಊಟಕ್ಕೆ ಯಾರೂ ವೇತನ ಎನ್ನಲಿಲ್ಲ. ಆದರೆ ಅದೇ ಹುಡುಗ ಬೆಳಿಗ್ಗೆ ಬಾವಿಯಿಂದ ನೀರು ಸೇದಿ ಹಂಡೆ ತುಂಬಿಸುತ್ತಿದ್ದದ್ದೂ ಉಂಟು. ಉಂಡದ್ದಕ್ಕೆ ಸೇದಿದನೋ, ಸೇದಿದ್ದಕ್ಕೆ ಉಂಡನೋ ಎಂದು ಯಾರೂ ಕೇಳಲಿಲ್ಲ. ‘ಸಂಬಳ’ದ ಕಥೆಯೂ ಇಂಥದ್ದೇ: ಸಂಸ್ಕೃತದ ಶಂಬಲ ಎಂದರೆ ದಾರಿಬುತ್ತಿ, ದೂರ ಹೊರಟವನಿಗೆ ಕಟ್ಟಿಕೊಡುವ ಅನ್ನ. ಆ ಬುತ್ತಿ ಕನ್ನಡದಲ್ಲಿ ತಿಂಗಳ ಕೂಲಿಯಾಯಿತು. ನೆರವು ಮತ್ತು ಕೂಲಿಯ ನಡುವಿನ ಗೆರೆ ನಮ್ಮ ಭಾಷೆಯಲ್ಲೂ ಹಿಂದಿನಿಂದಲೇ ತೆಳುವಾಗಿದೆ.

‘ಗೌರವಧನ’ ಬಳಸಬಹುದಲ್ಲ ಎಂದು ಗೆಳೆಯರೊಬ್ಬರು ಸೂಚಿಸಿದರು. ಅದನ್ನು ನಾನು ಖಂಡಿತ ಒಪ್ಪುವುದಿಲ್ಲ. ಆ ಪದದ ಭಾರ ಏನೆಂದು ನಮ್ಮ ಅಂಗನವಾಡಿ ಕಾರ್ಯಕರ್ತೆಯರನ್ನು ಕೇಳಬೇಕು. ಅವರು ದಿನವಿಡೀ ದುಡಿಯುತ್ತಾರೆ, ಕೈಗೆ ಬರುವುದು ಗೌರವಧನ. ಅವರು ಸರ್ಕಾರಿ ಹುದ್ದೆಯಲ್ಲಿ ಇರುವವರಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದ್ದು ನಮ್ಮದೇ ರಾಜ್ಯದ ಅಮೀರ್‌ಬಿ ಪ್ರಕರಣದಲ್ಲಿ. 2022ರಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ, ಅವರಿಗೆ ಗ್ರಾಚ್ಯುಟಿ ಸಲ್ಲಬೇಕು, ಆ ಕಾಯ್ದೆಯ ಮಟ್ಟಿಗೆ ಗೌರವಧನವೂ ವೇತನವೇ ಎಂದಿತು. ದುಡಿಮೆಯನ್ನು ಮರೆಮಾಡುವ ಹೆಸರು ಕೊಲರಾಡೊದಲ್ಲಿ ಮಾತ್ರ ಹುಟ್ಟಿದ್ದಲ್ಲ. ಅಂಥ ಇನ್ನೊಂದು ಹೆಸರನ್ನು ನನ್ನ ಕೈಯಾರೆ ಈ ಅನುವಾದದಲ್ಲಿ ಇಡಲಾರೆ.

ಹಾಗಾದರೆ ‘ವೇತನ’ವನ್ನೇ ಉಳಿಸಿದರೆ ಸತ್ಯ ಹೇಳಿದಂತಾಗುವುದಿಲ್ಲವೇ ಎಂಬ ವಾದವಿದೆ. ಆಡುವುದೂ ದುಡಿಮೆಯೇ, ಕನ್ನಡ ಅದನ್ನು ಅರಿತುಕೊಂಡೇ ವೇತನ ಎಂದಿದೆ ಎನ್ನಬಹುದು. ಈ ವಾದ ನನ್ನನ್ನು ಸೆಳೆಯುತ್ತದೆ. ಆದರೆ ನಾನು ಅನುವಾದಿಸುತ್ತಿರುವುದು ಒಂದು ಕರಾರನ್ನು. ಕರಾರು ಕೊಡದ ಹಕ್ಕನ್ನು ಅನುವಾದ ಕೊಟ್ಟಂತೆ ತೋರಿಸಿದರೆ ನಂಬಿ ರುಜು ಹಾಕುವವರಿಗೆ ಮೋಸವಾಗುತ್ತದೆ. ಇನ್ನೊಂದು ಅಪಾಯವೂ ಇದೆ. ವಿದ್ಯಾರ್ಥಿ ವೀಸಾದಲ್ಲಿ ಹೋಗುವವರಿಗೆ ನೌಕರಿಯ ಮೇಲೆ ಬಿಗಿ ಮಿತಿಯಿದೆ. ತರಗತಿಗಳು ನಡೆಯುವ ಕಾಲದಲ್ಲಿ ಕಾಲೇಜಿನ ಆವರಣದೊಳಗೆ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. ಮನೆಯವರು ‘ವೇತನ ಬರುತ್ತದೆ’ ಎಂದು ನಂಬಿ, ವೀಸಾ ಸಂದರ್ಶನದಲ್ಲಿ ಅದನ್ನೇ ಇಂಗ್ಲಿಷಿಗೆ ತಿರುಗಿಸಿ ‘ಸ್ಯಾಲರಿ’ ಎಂದರೆ ಹುಡುಗಿ ತೊಂದರೆಗೆ ಸಿಲುಕಬಹುದು.

ಇನ್ನು ‘ಹವ್ಯಾಸಿ’. ನಿಯಮಗಳ ಉದ್ದಕ್ಕೂ ‘ಅಮೆಚೂರ್’ ಎಂಬ ಪದವಿದೆ, ನಮ್ಮ ನಿಘಂಟುಗಳು ಅದಕ್ಕೆ ಹವ್ಯಾಸಿ ಎನ್ನುತ್ತವೆ. ಕನ್ನಡಿಗರಿಗೆ ಈ ಪದದ ಪರಿಚಯ ರಂಗಭೂಮಿಯಿಂದ: ಒಂದು ಕಡೆ ಗುಬ್ಬಿ ಕಂಪನಿಯಂಥ ವೃತ್ತಿನಾಟಕದವರು, ಇನ್ನೊಂದು ಕಡೆ ಕಚೇರಿ ಮುಗಿಸಿ ಸಂಜೆ ತಾಲೀಮಿಗೆ ಬರುವ ಹವ್ಯಾಸಿಗಳು. ಬಿಡುವಿನ ವೇಳೆ ಎಂಬ ಅರ್ಥ ಆ ಪದದಲ್ಲಿ ಹೊಕ್ಕಿದೆ. ಮೈಸೂರಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ವಿಕಾಸ್ ಗೌಡ 2006ರಲ್ಲಿ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಪರವಾಗಿ ಡಿಸ್ಕಸ್ ಎಸೆತದಲ್ಲಿ ಎನ್‌ಸಿಎಎ ಪ್ರಶಸ್ತಿ ಗೆದ್ದರು, 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ತಂದರು. ಕಾಲೇಜಿನ ದಿನಗಳ ಅವರನ್ನು ಹವ್ಯಾಸಿ ಎಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ. ಅಭ್ಯಾಸದ ಮಿತಿಯೇ ವಾರಕ್ಕೆ 20 ಗಂಟೆ ಎಂದಿರುವ ಕಡೆ ಬಿಡುವಿನ ಮಾತೆಲ್ಲಿ? ‘ಆಟಕ್ಕೆ ಹಣ ಪಡೆಯದ’ ಎಂದು ಬಿಡಿಸಿ ಬರೆಯುವುದೇ ಲೇಸೆಂದು ನನಗೆ ಅನಿಸುತ್ತದೆ.

‘ಸ್ಟೂಡೆಂಟ್ ಅಥ್ಲೀಟ್’ ಎಂಬುದಕ್ಕೆ ‘ವಿದ್ಯಾರ್ಥಿ ಕ್ರೀಡಾಪಟು’ ಎಂದರೆ ಕನ್ನಡದ ಕಿವಿಗೆ ವಿಶೇಷಣ ವಿದ್ಯಾರ್ಥಿ, ಮುಖ್ಯ ಪದ ಕ್ರೀಡಾಪಟು. ಪದ ಕಟ್ಟಿದವರಿಗೆ ಬೇಕಾಗಿದ್ದದ್ದು ವಿದ್ಯಾರ್ಥಿ ಎಂಬುದೇ ಮುಂದೆ ನಿಲ್ಲುವುದು. ಆ ಲೆಕ್ಕದಲ್ಲಿ ‘ಕ್ರೀಡಾಪಟು ವಿದ್ಯಾರ್ಥಿ’ ಎಂದು ತಿರುಗಿಸಬೇಕೇ? ‘ಆಟಗಾರ ವಿದ್ಯಾರ್ಥಿ’ ನನಗೆ ಇಷ್ಟವಾದರೂ ಕನ್ನಡಕ್ಕೆ ಸಂಸ್ಕೃತ ಬೆರೆಸಿದ ಅರಿಸಮಾಸವೆಂದು ಇಲ್ಲಿನ ಹಿರಿಯರು ಮುನಿಸಿಕೊಂಡಾರು.

ನನಗೆ ತೃಪ್ತಿ ಕೊಟ್ಟಿರುವ ಪದ ಒಂದೇ. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಚಿತ್ರ ಮತ್ತು ಹೋಲಿಕೆಯಿಂದ ಹಣ ಗಳಿಸಬಹುದು. ಇಂಗ್ಲಿಷಿನ ‘ಲೈಕ್‌ನೆಸ್’ಗೆ ಹೋಲಿಕೆ ಎಂದರೆ ಸಪ್ಪೆ. ಈ ಹೋರಾಟದಲ್ಲಿ ಮುಂದೆ ನಿಂತ ಮಾಜಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಆಟಗಾರ ಎಡ್ ಒಬ್ಯಾನನ್, ವಿಡಿಯೊ ಆಟವೊಂದರಲ್ಲಿ ತಮ್ಮಂತೆಯೇ ಬೋಳುತಲೆಯ, ಎಡಗೈಯ, 31ರ ಅಂಗಿ ತೊಟ್ಟ ಆಟಗಾರನನ್ನು ಕಂಡು 2009ರಲ್ಲಿ ನ್ಯಾಯಾಲಯಕ್ಕೆ ಹೋದವರು. ಹೆಸರಿಲ್ಲ, ಛಾಯಾಚಿತ್ರವಿಲ್ಲ, ಆದರೂ ಅವರೇ. ಇದಕ್ಕೆ ಕನ್ನಡದಲ್ಲಿ ‘ಪಡಿಯಚ್ಚು’ ಇದೆ. ಹೆಸರು, ಚಹರೆ, ಪಡಿಯಚ್ಚು ಎಂದು ಬರೆದೆ, ಗೆಳೆಯರಿಗೆ ಒಂದೇ ಓದಿಗೆ ತಿಳಿಯಿತು.

ಈಗ ಹೊಸ ತೊಡಕು. 2025ರ ಜೂನ್ 6ರಂದು ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ಮೊಕದ್ದಮೆಯಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಒಪ್ಪಿಗೆಯಿತ್ತ ರಾಜಿಯ ಪ್ರಕಾರ ಹಳೆಯ ಆಟಗಾರರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಸಿಗಲಿದೆ. ಈಗಿನವರಿಗೆ ವಿಶ್ವವಿದ್ಯಾಲಯಗಳು ನೇರವಾಗಿ ಹಣ ಕೊಡಬಹುದು. ಮೊದಲ ವರ್ಷದ ಮಿತಿ ಒಂದೊಂದು ವಿಶ್ವವಿದ್ಯಾಲಯಕ್ಕೂ 2 ಕೋಟಿ 5 ಲಕ್ಷ ಡಾಲರ್. ಮೊದಲನೆಯದಕ್ಕೆ ‘ಪರಿಹಾರ’ ಸರಿಯಾಗುತ್ತದೆ. ಎರಡನೆಯದಕ್ಕೆ? ಇಂಗ್ಲಿಷಿನಲ್ಲಿ ‘ಕಾಂಪೆನ್ಸೇಷನ್’ ಎಂಬ ಒಂದೇ ಪದ ಗಾಯಕ್ಕೂ ದುಡಿಮೆಗೂ ಸಲ್ಲುತ್ತದೆ, ನಮ್ಮ ಪರಿಹಾರ ಗಾಯ-ನಷ್ಟಗಳಿಗೆ ಮಾತ್ರ. ‘ಆದಾಯದ ಪಾಲು’ ಎಂದು ಬರೆದರೆ, ತೋಟ ಪಾಲಿಗೆ ಕೊಟ್ಟು ಗೊತ್ತಿರುವ ನಮ್ಮ ಕಡೆಯವರು ಪಾಲುದಾರಿಕೆಯನ್ನೇ ಕಾಣುತ್ತಾರೆ, ಲೆಕ್ಕ ಕೇಳುವ ಹಕ್ಕಿದೆ ಎಂದುಕೊಳ್ಳುತ್ತಾರೆ. ‘ಪ್ರತಿಫಲ’ ಸದ್ಯಕ್ಕೆ ಇಟ್ಟುಕೊಂಡಿದ್ದೇನೆ.

ಇಷ್ಟಾದರೂ ನೌಕರರೇ ಅಲ್ಲವೇ ಎಂಬ ಪ್ರಶ್ನೆ ಅಲ್ಲಿ ಮುಗಿದಿಲ್ಲ. 2024ರ ಮಾರ್ಚ್‌ನಲ್ಲಿ ಡಾರ್ಟ್‌ಮೌತ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಹುಡುಗರು 13–2 ಮತಗಳಿಂದ ಕಾರ್ಮಿಕ ಸಂಘ ಸೇರಲು ತೀರ್ಮಾನಿಸಿದರು, ವರ್ಷದ ಕೊನೆಯಲ್ಲಿ ಅರ್ಜಿ ಹಿಂತೆಗೆಯಲಾಯಿತು. ಆ ಕಾಲೇಜು ಆಟಕ್ಕಾಗಿ ನೆರವು ಕೊಡುವುದೇ ಇಲ್ಲ ಎಂಬುದನ್ನು ಗಮನಿಸಿ. ಅದೇ ವರ್ಷದ ಜುಲೈನಲ್ಲಿ ಫಿಲಡೆಲ್ಫಿಯಾದ ಮೇಲ್ಮನವಿ ನ್ಯಾಯಾಲಯ, ‘ಅಮೆಚೂರ್’ ಎಂಬ ಹಣೆಪಟ್ಟಿಯೊಂದರಿಂದಲೇ ಆಟಗಾರರನ್ನು ನೌಕರರಲ್ಲ ಎನ್ನಲಾಗದು, ಯಾರ ಹಿಡಿತದಲ್ಲಿ, ಯಾರ ಲಾಭಕ್ಕಾಗಿ, ಯಾವ ಪ್ರತಿಫಲಕ್ಕೆ ಆಡುತ್ತಾರೆ ಎಂದು ನೋಡಬೇಕು ಎಂದಿತು. ತೆರಿಗೆಯವರ ಕಣ್ಣು ಇನ್ನೂ ಬೇರೆ: ನೆರವಿನಲ್ಲಿ ಶುಲ್ಕಕ್ಕೂ ಪುಸ್ತಕಕ್ಕೂ ಹೋಗುವುದು ತೆರಿಗೆಯಿಂದ ಹೊರಗೆ, ಊಟ-ವಸತಿಯ ಭಾಗ ಆದಾಯ.

ನನ್ನ ಒಲವು ‘ಓದಿನ ನೆರವು’ ಎಂಬುದರ ಕಡೆಗಿದೆ. ಪತ್ರಿಕೆಗಳು ವಿದ್ಯಾರ್ಥಿವೇತನ ಎಂದೇ ಬರೆಯಲಿ, ಆ ರೂಢಿಯ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನೌಕರಿ, ನೆರವು, ಸವಲತ್ತು ಇವು ಬೇರೆಬೇರೆ ಎಂದು ಸಾಧಿಸಲೆಂದೇ ಬರೆದ ನಿಯಮಗಳ ಅನುವಾದದಲ್ಲಿ ಅದು ಬೇಡ. ‘ನೆರವು’ ಎಂದರೆ ಉಪಕಾರದ ಭಾವ ಹೆಚ್ಚಾಗುತ್ತದೆಯೇ, ಆಡುವ ಹುಡುಗಿಯನ್ನು ಕೈಚಾಚಿದವಳಂತೆ ಕಾಣಿಸುತ್ತದೆಯೇ ಎಂಬ ಅಳುಕಿದೆ. ಇದಕ್ಕಿಂತ ಒಳ್ಳೆಯದು ನಿಮ್ಮಲ್ಲಿದ್ದರೆ ದಯವಿಟ್ಟು ತಿಳಿಸಿ.

ಗೆಳೆಯರು ಬರುವ ಸೋಮವಾರ ಮೈಸೂರಿಗೆ ಬರುತ್ತಾರೆ. ಮೊಣಕಾಲಿನ ಪ್ರಶ್ನೆಗೆ ನಿಯಮಗಳಲ್ಲಿ ಉತ್ತರ ಸಿಕ್ಕಿದೆ: 2024ರ ಆಗಸ್ಟ್ 1ರಿಂದ ಎನ್‌ಸಿಎಎಯ ಮೇಲಿನ ದರ್ಜೆಯಾದ ‘ಡಿವಿಷನ್ 1’ರಲ್ಲಿ ಆಡುವ ವಿಶ್ವವಿದ್ಯಾಲಯಗಳು ಗಾಯದ ಕಾರಣಕ್ಕೆ ನೆರವು ನಿಲ್ಲಿಸುವಂತಿಲ್ಲ, ಆಟದಲ್ಲಾದ ಗಾಯದ ಚಿಕಿತ್ಸೆಯನ್ನು ಓದು ಮುಗಿದ ಮೇಲೂ ಕನಿಷ್ಠ ಎರಡು ವರ್ಷ ನೋಡಿಕೊಳ್ಳಬೇಕು. ಆ ಪುಟದಲ್ಲಿ ಒಂದು ಜಾಗವನ್ನು ಇನ್ನೂ ಖಾಲಿ ಬಿಟ್ಟಿದ್ದೇನೆ. ಚಿಕಿತ್ಸೆಯ ಆ ಹಣಕ್ಕೆ ‘ಪರಿಹಾರ’ ಎಂದರೆ ಅದು ಡೆನಿಸನ್ನರ ಪತ್ನಿಗೆ ಸಿಗದೇ ಹೋದ ಹಕ್ಕಿನ ಹೆಸರಾಗುತ್ತದೆ. ‘ಚಿಕಿತ್ಸಾ ವೆಚ್ಚ’ ಎಂದರೆ ಆ ಹಕ್ಕು ಇಲ್ಲವೆಂದು ಸ್ಪಷ್ಟವಾಗುತ್ತದೆ. ಎರಡನೆಯದನ್ನೇ ಬರೆದು, ಏಕೆಂದು ಅವರಿಗೆ ಬಾಯಲ್ಲಿ ವಿವರಿಸಬೇಕೆಂದಿದ್ದೇನೆ. ಸೋಮವಾರದೊಳಗೆ ಯಾರಾದರೂ ಬೇರೆ ಪದ ಸೂಚಿಸಿದರೆ ತಿದ್ದಿಕೊಳ್ಳುತ್ತೇನೆ.