ಇಸಿ (ಋಣಭಾರ ಪ್ರಮಾಣಪತ್ರ) ಕ್ಲೀನ್ ಇದೆ, ಅಕ್ಕನ ಸಹಿ ಇಲ್ಲ. ಅಡ್ವಾನ್ಸ್ ಕೊಡಬಹುದಾ?

ನಿಟುವಳ್ಳಿ_ಬಾಡಿಗೆದಾರ:
ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಹನ್ನೊಂದು ವರ್ಷದಿಂದ ಬಾಡಿಗೆ ಮನೆಯಲ್ಲಿದ್ದೇವೆ. ಈಗ ನಿಟುವಳ್ಳಿಯಲ್ಲಿ 30×40ರ ಒಂದು ಹಳೇ ಆರ್‌ಸಿಸಿ ಮನೆ ನೋಡಿದ್ದೇವೆ. ಎರಡು ರೂಮು, ಹಾಲು, ಹಿತ್ತಲಲ್ಲಿ ಒಂದು ನುಗ್ಗೆಮರ. ನನ್ನ ಹೆಂಡತಿ ಮರ ನೋಡಿಯೇ ಮನೆ ಫೈನಲ್ ಮಾಡಿಬಿಟ್ಟಳು. 42 ಲಕ್ಷಕ್ಕೆ ಮಾತಾಗಿದೆ.

ಮಾರುತ್ತಿರುವವರು ಅಣ್ಣ ತಮ್ಮ ಇಬ್ಬರು. ಅವರ ತಂದೆ 1991ರಲ್ಲಿ ಸ್ವಂತ ದುಡ್ಡಿನಲ್ಲಿ ಕ್ರಯಕ್ಕೆ ತಗೊಂಡ ಸೈಟು, ಮನೆ ಕಟ್ಟಿದ್ದೂ ಅವರೇ. ಅವರು ತೀರಿಕೊಂಡು ಏಳೆಂಟು ವರ್ಷ ಆಯಿತು, ವಿಲ್ ಬರೆದಿಲ್ಲ. ತಾಯಿ ಇದ್ದಾರೆ, ಹೆಬ್ಬೆಟ್ಟು ಒತ್ತುತ್ತಾರಂತೆ. ಒಬ್ಬರು ಅಕ್ಕ ಇದ್ದಾರೆ, 1988ರಲ್ಲೇ ಹಿರಿಯೂರಿಗೆ ಮದುವೆ ಮಾಡಿ ಕೊಟ್ಟಿದ್ದಾರೆ. ಅವರ ವಿಷಯ ತೆಗೆದರೆ ಇಬ್ಬರೂ ಮಾತು ಬೇರೆ ಕಡೆ ತಿರುಗಿಸುತ್ತಾರೆ.

ಬ್ರೋಕರ್ ಹೇಳೋದು ಏನಂದ್ರೆ, ಮೂವತ್ತು ವರ್ಷದ ಇಸಿ ತೆಗೆಸಿದ್ದೇನೆ, ಪೂರ್ತಿ ಕ್ಲೀನ್, ಅಕ್ಕನ ಮದುವೆ ಕಾನೂನು ಬರೋಕೆ ಮುಂಚೆ ಆಗಿದೆ, ಅವರ ಸಹಿ ಬೇಕಿಲ್ಲ, ಶುಕ್ರವಾರದೊಳಗೆ 5 ಲಕ್ಷ ಅಡ್ವಾನ್ಸ್ ಕೊಡದಿದ್ದರೆ ಬೇರೆ ಪಾರ್ಟಿ ರೆಡಿ ಇದೆ. ಜೊತೆಗೆ ಆ 42ರಲ್ಲಿ 12 ಲಕ್ಷ ಕ್ಯಾಶ್ ಬೇಕಂತೆ. 45 ಲಕ್ಷದೊಳಗಿದ್ದರೆ ಮುದ್ರಾಂಕ ಶುಲ್ಕ ಶೇ. 3 ಅಂತ ಎಲ್ಲೋ ಓದಿದ ನೆನಪು, ಅದು ನಿಜವಾ? ಏನು ಮಾಡಲಿ?

ಹಳೇ_ಗುಮಾಸ್ತ:
ಶುಕ್ರವಾರ ಮನೆಯಲ್ಲೇ ಇರಿ. ಆ ಬೇರೆ ಪಾರ್ಟಿ ಎಲ್ಲ ಮನೆಗೂ ರೆಡಿ ಇರುತ್ತದೆ. ವಕೀಲರ ಹತ್ತಿರ ಇಪ್ಪತ್ತು ವರ್ಷ ಗುಮಾಸ್ತನಾಗಿದ್ದೆ, ಆ ಪಾರ್ಟಿಯ ಮುಖ ಇನ್ನೂ ನೋಡಿಲ್ಲ.

ಬ್ರೋಕರ್ ಎಲ್ಲೋ ಅರ್ಧ ಕೇಳಿಸಿಕೊಂಡಿದ್ದಾನೆ. ಕರ್ನಾಟಕದಲ್ಲಿ 1994ರ ತಿದ್ದುಪಡಿ ಬಂದಾಗ, ಅದಕ್ಕೆ ಮುಂಚೆ ಮದುವೆಯಾದ ಹೆಣ್ಣುಮಕ್ಕಳನ್ನು ಪಿತ್ರಾರ್ಜಿತ ಆಸ್ತಿಯ ಪಾಲಿನಿಂದ ಹೊರಗೆ ಇಟ್ಟಿದ್ದರು. ಆಮೇಲೆ 2005ರಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅನ್ನುವ ಕೇಂದ್ರದ ತಿದ್ದುಪಡಿ ಬಂತು, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೂ ಗಟ್ಟಿ ಮಾಡಿತು. ಆದರೆ ನಿಮ್ಮ ಕೇಸಿಗೆ ಈ ಯಾವ ತಿದ್ದುಪಡಿಯೂ ಬೇಕಿಲ್ಲ. ಇದು ತಂದೆಯ ಸ್ವಯಾರ್ಜಿತ. ವಿಲ್ ಇಲ್ಲದೆ ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರವೇ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಮದುವೆ 1988ರಲ್ಲಿ ಆಗಿರಲಿ, ಮೊನ್ನೆ ಆಗಿರಲಿ, ಲೆಕ್ಕಕ್ಕೆ ಬರಲ್ಲ. ತಾಯಿ, ಇಬ್ಬರು ಮಕ್ಕಳು, ಅಕ್ಕ, ಒಟ್ಟು ನಾಲ್ಕು ಪಾಲು. ಅಕ್ಕನ ಸಹಿ ಇಲ್ಲದೆ ತಗೊಂಡರೆ 42 ಲಕ್ಷ ಕೊಟ್ಟು ಮುಕ್ಕಾಲು ಮನೆ ತಗೊಂಡ ಹಾಗೆ. ಮಿಕ್ಕ ಕಾಲು ಭಾಗಕ್ಕೆ ಅವರು ದಾವೆ ಹಾಕಿದರೆ ಕೋರ್ಟಿಗೆ ಓಡಾಡೋದು ನೀವು, ಬ್ರೋಕರ್ ಅಲ್ಲ.

ಇನ್ನು ಇಸಿ. ಅದರಲ್ಲಿ ಕಾಣೋದು ನೋಂದಣಿ ಆಗಿರುವ ವ್ಯವಹಾರ ಮಾತ್ರ. ವಾರಸುದಾರರು ಎಷ್ಟು ಜನ ಅಂತ ಅದು ಹೇಳಲ್ಲ. ನೋಂದಣಿ ಆಗದ ಕರಾರು, ಮನೆಯೊಳಗೇ ಇಟ್ಟ ವಿಲ್, ಬಾಯಿಮಾತಿನ ಪಾಲು, ಸುಮ್ನೆ ಪತ್ರ ಅಡ ಇಟ್ಟು ತಂದ ಸಾಲ, ಇದ್ಯಾವುದೂ ಅದರಲ್ಲಿ ಬರಲ್ಲ. ಇನ್ನೊಂದು ಗಮನಿಸಿ. ತಂದೆ ತಗೊಂಡಿದ್ದು 1991ರಲ್ಲಿ. ಮೂವತ್ತು ವರ್ಷದ ಇಸಿಯಲ್ಲಿ ಆ ಕ್ರಯವೇ ಬರಲ್ಲ ಅಲ್ವಾ? ಖಾಲಿ ಹಾಳೆ ತೋರಿಸಿ ಕ್ಲೀನ್ ಅಂದರೆ ಹೇಗೆ! 1990ರಿಂದ ಇವತ್ತಿನವರೆಗೆ ತೆಗೆಸಿ. 2004ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲೇ ಸಿಗುತ್ತದೆ, ಹಳೆಯದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಅರ್ಜಿ ಕೊಡಬೇಕು.

1991ರ ಮೂಲಪತ್ರವನ್ನು ಕೈಯಲ್ಲಿ ಹಿಡಿದು ನೋಡಿ. ಟ್ರಂಕಿನ ನುಸಿಗುಳಿಗೆ ವಾಸನೆ ಹೊಡೆಯುತ್ತಿದ್ದರೆ ಒಳ್ಳೆಯದು. ಬರೀ ಜೆರಾಕ್ಸ್ ತೋರಿಸಿದರೆ, ಮೂಲ ಎಲ್ಲಿ ಅಡ ಕೂತಿದೆ ಅಂತ ಕೇಳಿ. ಖಾತಾ, ಅಂದರೆ ಪಾಲಿಕೆಯ ಆಸ್ತಿ ದಾಖಲೆ, ಯಾರ ಹೆಸರಿನಲ್ಲಿದೆ ಅಂತಲೂ ಬರೆಯಿರಿ.

ನಿಟುವಳ್ಳಿ_ಬಾಡಿಗೆದಾರ:
ಈಗ ವಿಚಾರಿಸಿದೆ. ಖಾತಾ ಇನ್ನೂ ತಂದೆಯ ಹೆಸರಿನಲ್ಲೇ ಇದೆಯಂತೆ. ಕಂದಾಯ ಮಾತ್ರ ವರ್ಷಾ ವರ್ಷ ಕಟ್ಟಿದ್ದಾರೆ.

ಹಳೇ_ಗುಮಾಸ್ತ:
ಹಾಗಾದರೆ ಶುಕ್ರವಾರ ಅಲ್ಲ, ಮುಂದಿನ ತಿಂಗಳೂ ನೋಂದಣಿ ಆಗೋದು ಕಷ್ಟ. 2024ರ ಅಕ್ಟೋಬರ್‌ನಿಂದ ನಗರಗಳಲ್ಲಿ ಇ-ಖಾತಾ (ಖಾತಾದ ಡಿಜಿಟಲ್ ರೂಪ) ಇಲ್ಲದೆ ಕ್ರಯಪತ್ರ ನೋಂದಣಿ ಆಗಲ್ಲ. ತೀರಿಕೊಂಡವರು ಬಂದು ಸಹಿ ಹಾಕೋಕಾಗುತ್ತಾ? ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ಪಾಲಿಕೆಯಲ್ಲಿ ವಾರಸುದಾರರ ಹೆಸರಿಗೆ ಖಾತಾ ಮಾಡಿಸಿಕೊಂಡು ಬರಲಿ. ವಂಶವೃಕ್ಷದಲ್ಲಿ ಅಕ್ಕನ ಹೆಸರು ಇದೆಯಾ ಅಂತ ನೀವೇ ಓದಿ. ಸೈಟಿಗೆ ಭೂ ಪರಿವರ್ತನೆ, ಬಡಾವಣೆ ಅನುಮೋದನೆ ಇದೆಯಾ, ಬರುವುದು ಎ ಖಾತಾನಾ (ಅನುಮೋದನೆ ಸರಿ ಇರುವ ಆಸ್ತಿಗೆ) ಬಿ ಖಾತಾನಾ (ಇಲ್ಲದ್ದಕ್ಕೆ), ಅದೂ ಆಗಲೇ ಗೊತ್ತಾಗುತ್ತದೆ.

ಲೆಕ್ಕದಮ್ಮ:
ಖರ್ಚಿನ ವಿಷಯ ನಾನು ಹೇಳ್ತೀನಿ. ನೀವು ಓದಿದ ಶೇ. 3 ಮೊದಲ ಸಲ ಮಾರಾಟವಾಗುವ ಹೊಸ ಫ್ಲ್ಯಾಟ್‌ಗಳಿಗೆ. ಹಳೇ ಮನೆಗೆ ಶೇ. 5. ಆ ಶುಲ್ಕದ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ ನಗರದಲ್ಲಿ ಶೇ. 5.6 ಆಗುತ್ತದೆ. ನೋಂದಣಿ ಶುಲ್ಕ ಶೇ. 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. 42 ಲಕ್ಷಕ್ಕೆ ಒಟ್ಟು 3,19,200 ರೂಪಾಯಿ. ಸರ್ಕಾರ ಗೊತ್ತು ಮಾಡಿದ ಮಾರ್ಗಸೂಚಿ ದರದ ಲೆಕ್ಕ ಇದಕ್ಕಿಂತ ಜಾಸ್ತಿ ಬಂದರೆ ಅದರ ಮೇಲೆ ಕಟ್ಟಬೇಕು. ಬೆಲೆ 50 ಲಕ್ಷ ಮುಟ್ಟಿಲ್ಲ, ಹಾಗಾಗಿ ಶೇ. 1 ಟಿಡಿಎಸ್ (ಮಾರುವವರಿಗೆ ಕೊಡುವ ದುಡ್ಡಿನಲ್ಲಿ ಹಿಡಿದು ಕಟ್ಟುವ ತೆರಿಗೆ) ಗೋಜು ಇಲ್ಲ.

12 ಲಕ್ಷ ಕ್ಯಾಶ್ ಬೇಡವೇ ಬೇಡ. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಂಡರೆ, ತಗೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ನಿಮಗೇನು ನಷ್ಟ ಅಂತೀರಾ? ಪತ್ರದಲ್ಲಿ 30 ಲಕ್ಷ ಅಂತ ಬರೆಸಿದರೆ ಬ್ಯಾಂಕಿನವರು ಸಾಲ ಕೊಡೋದು 30ರ ಲೆಕ್ಕಕ್ಕೆ. ನಾಳೆ ನೀವೇ ಮಾರುವಾಗ ಆ 12 ಲಕ್ಷವೂ ನಿಮ್ಮ ಲಾಭ ಅಂತ ತೆರಿಗೆಗೆ ಬರುತ್ತದೆ.

ಕೋಟೆ_ಊರಿನವ:
ನಾನು ಚಿತ್ರದುರ್ಗದಲ್ಲಿ ಅಪ್ಪನ ಮನೆ ಮಾರಿದವನು, ಆ ಕಡೆಯ ಕಷ್ಟ ಹೇಳ್ತೀನಿ. ಕಾಗದ ಎಲ್ಲ ಸರಿ ಇತ್ತು. ಪತ್ರ ಬರೆದವರು ಚೆಕ್ಕುಬಂದಿಯಲ್ಲಿ, ಅಂದರೆ ನಾಲ್ಕೂ ದಿಕ್ಕಿನ ಗಡಿಯ ವಿವರದಲ್ಲಿ, ಪೂರ್ವಕ್ಕೆ ರಸ್ತೆ ಅನ್ನೋದನ್ನು ಪಶ್ಚಿಮಕ್ಕೆ ರಸ್ತೆ ಅಂತ ಹಾಕಿದರು. ಸಹಿ ಹಾಕುವಾಗ ನಾವು ಐದು ಜನ ಇದ್ದೆವು, ಐದೂ ಜನ ನಮ್ಮ ನಮ್ಮ ಹೆಸರಿನ ಸ್ಪೆಲ್ಲಿಂಗ್ ಮಾತ್ರ ನೋಡಿಕೊಂಡೆವು. ಎರಡು ವರ್ಷ ಆದಮೇಲೆ ತಗೊಂಡವರ ಬ್ಯಾಂಕಿನವರು ಅದನ್ನು ಹಿಡಿದರು. ತಿದ್ದುಪಡಿ ಪತ್ರಕ್ಕೆ ಮತ್ತೆ ಐದೂ ಜನ ಬರಬೇಕಾಯಿತು, ಅಷ್ಟರಲ್ಲಿ ಒಬ್ಬ ತಮ್ಮ ದುಬೈನಲ್ಲಿದ್ದ. ಉಳಿದದ್ದು ಕೇಳಬೇಡಿ.

ಅದಕ್ಕೇ ಹೇಳೋದು, ಟೇಪ್ ತಗೊಂಡು ಹೋಗಿ ಅಳತೆ ಮಾಡಿ. ಪತ್ರದಲ್ಲಿ 30 ಅಂತ ಇದ್ದರೆ ನೆಲದ ಮೇಲೆ 30 ಇದೆಯಾ ನೋಡಿ. ಪಕ್ಕದ ಮನೆಯವರ ಮುಂದೆಯೇ ಅಳೆಯಿರಿ. ತಕರಾರು ಇದ್ದರೆ ಅಲ್ಲೇ ಹೊರಗೆ ಬರುತ್ತದೆ.

ಮಂಡಕ್ಕಿ_ಮಿರ್ಚಿ:
ಇಷ್ಟೆಲ್ಲ ನೋಡ್ತಾ ಕೂತರೆ ದಾವಣಗೆರೆಯಲ್ಲಿ ಯಾರೂ ಮನೆ ತಗೊಳ್ಳೋಕಾಗಲ್ಲ. ನಾನು ಒಬ್ಬರ ಸಹಿ ಮೇಲೆ ತಗೊಂಡೆ. ನಾಲ್ಕು ವರ್ಷ ಆಯಿತು, ಏನೂ ಆಗಿಲ್ಲ.

ಹಳೇ_ಗುಮಾಸ್ತ:
ಇನ್ನೂ ಆಗಿಲ್ಲ ಅನ್ನಿ ಸ್ವಾಮಿ.

ನಿಟುವಳ್ಳಿ_ಬಾಡಿಗೆದಾರ:
ಎಲ್ಲರಿಗೂ ಥ್ಯಾಂಕ್ಸ್. ಮೂರು ವಾರದ ನಂತರ ಬರೆಯುತ್ತಿದ್ದೇನೆ. ಶುಕ್ರವಾರ ಹೋಯಿತು, ಬೇರೆ ಪಾರ್ಟಿ ಬರಲಿಲ್ಲ. ಭಾನುವಾರ ಅಣ್ಣನವರನ್ನು ಒಪ್ಪಿಸಿ ಹಿರಿಯೂರಿಗೆ ಹೋಗಿದ್ದೆವು. ಅಕ್ಕ ಕಾಫಿ ಕೊಟ್ಟು, "ಮನೆ ಮಾರ್ತಿದ್ದಾರೆ ಅಂತ ನನಗೆ ಹೇಳಿದ ಮೊದಲನೇ ಮನುಷ್ಯ ನೀವೇ" ಅಂದರು. ಅಣ್ಣ ತಲೆ ಎತ್ತಲಿಲ್ಲ. ಅವರವರಲ್ಲಿ ಏನು ಮಾತಾಯಿತೋ, ಅಕ್ಕ ಕ್ರಯಪತ್ರಕ್ಕೆ ಮಾರಾಟಗಾರರಾಗಿ ಬಂದು ಸಹಿ ಹಾಕಲು ಒಪ್ಪಿದ್ದಾರೆ. ಪಾಲಿಕೆಗೆ ನಾಲ್ಕೂ ಜನರ ಹೆಸರಿಗೆ ಖಾತಾ ಅರ್ಜಿ ಹೋಗಿದೆ. ಕ್ಯಾಶ್ ಮಾತು ಬಿಟ್ಟಿದ್ದಾರೆ. ಅಡ್ವಾನ್ಸ್ 1 ಲಕ್ಷ, ಚೆಕ್ ಮೂಲಕ, ನಾಲ್ಕೂ ಜನ ಸಹಿ ಹಾಕಿದ ಕರಾರಿನ ಮೇಲೆ.

ನಿನ್ನೆ ಟೇಪ್ ಹಿಡಿದು ಅಳತೆಯನ್ನೂ ಮಾಡಿದೆವು, ಪಕ್ಕದ ಮನೆಯ ಅಜ್ಜಿಯನ್ನು ಕರೆದು. ಮುಂದೆ ಸರಿಯಾಗಿ 30 ಇದೆ. ಹಿಂದೆ ಪತ್ರದ ಪ್ರಕಾರ 40 ಅಡಿ ಮುಗಿಯೋದು ಬಟ್ಟೆ ಒಗೆಯುವ ಕಲ್ಲಿಗೆ. ನುಗ್ಗೆಮರ ಅಲ್ಲಿಂದ ಒಂದೂವರೆ ಅಡಿ ಆಚೆ, ಅಜ್ಜಿಯ ಜಾಗದಲ್ಲಿದೆ. ಹೆಂಡತಿಗೆ ಇನ್ನೂ ಹೇಳಿಲ್ಲ.